ಕಷ್ಟ ಇದ್ದರೆ ಅದು ನಿಜವೇ? ರೇಸಿಂಗ್ ಸಿಮ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರೇಸಿಂಗ್ ಗೇಮ್ ಬಗ್ಗೆಯೇ ಇವೆ, ಅದರಲ್ಲೂ ಸಿಮ್ ಬಗ್ಗೆ, ಅಂದರೆ ಕಾರು ನಿಜವಾಗಿ ಓಡುವ ಹಾಗೇ ಓಡಬೇಕು ಅಂತ ಮಾಡಿದ ಸಿಮ್ಯುಲೇಟರ್ ಗೇಮ್ ಬಗ್ಗೆ. ಮೊಬೈಲ್ ಗೇಮ್‌ನವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಸ್ಟೀರಿಂಗ್ ತಗೊಂಡೆ. ಅಸೆಟ್ಟೊ ಕೊರ್ಸಾ ಅನ್ನೋ ಸಿಮ್ ಹಾಕಿ, ಎಲ್ಲಾ ಅಸಿಸ್ಟ್ (ಓಡಿಸೋಕೆ ನೆರವಾಗುವ ಸೆಟ್ಟಿಂಗ್) ಆಫ್ ಮಾಡಿ ಫೆರಾರಿ ಓಡಿಸಿದರೆ ಪ್ರತಿ ತಿರುವಿನಲ್ಲೂ ಗಿರಕಿ. ನಿಜವಾದ ಕಾರು ಓಡಿಸೋಕೆ ಶುರು ಮಾಡಿ ವರ್ಷಗಳಾದವು, ಒಮ್ಮೆಯೂ ಹೀಗಾಗಿಲ್ಲ. ಗೇಮ್ ಸರಿ ಇಲ್ವಾ, ನಾನು ಸರಿ ಇಲ್ವಾ?
– ಧಾರವಾಡದ ಓದುಗರು

ಇಬ್ಬರೂ ಸರಿ ಇದ್ದೀರಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ ನಿಮ್ಮ ಟೈರು ತನ್ನ ಹಿಡಿತದಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಬಳಸುತ್ತೆ. ಟ್ರ್ಯಾಕ್ ಮೇಲೆ ನೀವು ಅದರ ಕೊನೆಯ ಅಂಚಿಗೆ ಹೋಗ್ತಿದ್ದೀರಿ, ಆ ಅಂಚನ್ನು ರಸ್ತೆಯಲ್ಲಿ ನೀವು ನೋಡೇ ಇಲ್ಲ. ಟೈರಿನ ಹತ್ತಿರ ಇರೋದು ಹಿಡಿತದ ಒಂದೇ ಗಂಟು. ಬ್ರೇಕಿಗೆ ಅಷ್ಟನ್ನೂ ಖರ್ಚು ಮಾಡಿದರೆ ತಿರುಗೋಕೆ ಏನೂ ಉಳಿಯಲ್ಲ. ತಿರುವಿನ ಮಧ್ಯದಲ್ಲಿ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ, ಕಾರು ತಿರುಗಿ ನಿಮ್ಮ ಮುಖ ನೋಡುತ್ತೆ. ಗಿರಕಿಗೆ ಮುಕ್ಕಾಲು ಪಾಲು ಇದೇ ಕಾರಣ.

ಆದರೆ ನಿಮ್ಮ ಅನುಮಾನದಲ್ಲೂ ಹುರುಳಿದೆ. ನಿಜವಾದ ಕಾರಿನಲ್ಲಿ ಹಿಂದಿನ ಚಕ್ರ ಜಾರೋಕೆ ಶುರುವಾದ ಕೂಡಲೇ ಅದು ಮೊದಲು ಗೊತ್ತಾಗೋದು ಸೊಂಟಕ್ಕೆ, ಆಮೇಲೆ ಕಣ್ಣಿಗೆ. ಸಿಮ್‌ನಲ್ಲಿ ಸೊಂಟಕ್ಕೆ ಕೆಲಸವೇ ಇಲ್ಲ, ಕುರ್ಚಿ ಅಲ್ಲಾಡಲ್ಲ. ಸ್ಟೀರಿಂಗ್ ಒಳಗಿನ ಮೋಟಾರು ಹೇಳೋದು ಹೆಚ್ಚಾಗಿ ಮುಂದಿನ ಚಕ್ರಗಳ ಸುದ್ದಿ. ಹಿಂದಿನದು ಜಾರಿದ್ದು ನಿಮಗೆ ತಿಳಿಯೋದು ಪರದೆಯ ಚಿತ್ರ ವಾಲಿದ ಮೇಲೆ, ಅಷ್ಟರಲ್ಲಿ ತಡ ಆಗಿರುತ್ತೆ. ಮೂಗು ಕಟ್ಟಿದಾಗ ಸಾರಿನ ಹದ ನೋಡಿದ ಹಾಗೆ: ಸಾರು ಸರಿಯಾಗೇ ಇದೆ, ನಿಮಗೆ ವಾಸನೆ ಬರ್ತಿಲ್ಲ. ಹಾಗಾಗಿ ಲೆಕ್ಕಾಚಾರ ಎಷ್ಟೇ ಸರಿ ಇದ್ದರೂ ಸಿಮ್ ಓಡಿಸೋದು ಎಷ್ಟೋ ಸಲ ನಿಜವಾದ ಕಾರಿಗಿಂತ ಕಷ್ಟ. ಇದನ್ನು ಒಪ್ಪಿಕೊಳ್ಳದವರೇ "ನಮ್ಮ ಗೇಮ್ ಕಷ್ಟ, ಆದ್ದರಿಂದ ನಮ್ಮ ಗೇಮ್ ನಿಜ" ಅಂತ ಎದೆ ತಟ್ಟಿಕೊಳ್ಳೋದು.

ಇನ್ನೊಂದು ವಿಷಯ. ಎಲ್ಲಾ ಅಸಿಸ್ಟ್ ಆಫ್ ಮಾಡಿದರೆ ಅದೇ ಅಸಲಿ ಅನ್ನೋದು ಸುಮ್ನೆ ಜಂಬ. ಫೆರಾರಿ 458 ಶೋರೂಮಿನಿಂದ ಬರುವಾಗಲೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು), ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ನೆ ಗಿರ‍್ರಂತ ಸುತ್ತದ ಹಾಗೆ ತಡೆಯೋದು) ಎರಡನ್ನೂ ಹೊತ್ತು ಬರುತ್ತೆ. ಅಸೆಟ್ಟೊ ಕೊರ್ಸಾದಲ್ಲಿ "ಫ್ಯಾಕ್ಟರಿ" ಅಂತ ಆಯ್ಕೆ ಇರೋದೇ ಅದಕ್ಕೆ, ಅದನ್ನು ಇಟ್ಟುಕೊಳ್ಳಿ. ಫೆರಾರಿ ಬಿಟ್ಟು ಅಬಾರ್ಥ್ 500 ಅಥವಾ ಮಾಜ್ದಾ ಎಂಎಕ್ಸ್-5 ಹಿಡಿಯಿರಿ, ಮ್ಯಾಜೋನೆ ಥರದ ಚಿಕ್ಕ ಟ್ರ್ಯಾಕ್ ಸಾಕು. ಮೊದಲ ಸುತ್ತಿನಲ್ಲಿ ಟೈರು ತಣ್ಣಗಿರುತ್ತೆ ಅನ್ನೋದು ನೆನಪಿರಲಿ. ಹಾಗೇ ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಎಷ್ಟು ಅಗಲದ ನೋಟ ಕಾಣಬೇಕು ಅನ್ನೋ ಸೆಟ್ಟಿಂಗ್, ಸರಿಪಡಿಸಿ. ಅದು ಜಾಸ್ತಿ ಅಗಲ ಇದ್ದರೆ ವೇಗ ಸುಳ್ಳು ಹೇಳುತ್ತೆ, ತಿರುವು ಇನ್ನೂ ದೂರ ಇದೆ ಅನ್ನಿಸಿ ಬ್ರೇಕ್ ತಡ ಮಾಡ್ತೀರಿ.

ಪ್ರಶ್ನೆ: 1998ರ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್‌ನಷ್ಟು ಕಷ್ಟದ, ಅಷ್ಟು ನೈಜವಾದ ಸಿಮ್ ಇನ್ನೊಂದು ಬಂದಿಲ್ಲ ಅಂತ ಹಳಬರು ಹೇಳ್ತಾರೆ. ಇದು ನಿಜವಾ, ಇಲ್ಲಾ ಬರೀ ಹಳೇ ನೆನಪಿನ ಮೋಹವಾ? ಈಗ ಆಡಬಹುದಾ?
– ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ

ಇದಕ್ಕೆ ಚುಟುಕಾಗಿ ಉತ್ತರ ಕೊಟ್ಟರೆ ಆ ಗೇಮ್‌ಗೆ ಅನ್ಯಾಯ ಆಗುತ್ತೆ, ಸ್ವಲ್ಪ ಕೂತು ಕೇಳಿ.

ಪಪೈರಸ್ ಅನ್ನೋ ಅಮೆರಿಕದ ಕಂಪನಿ ಮಾಡಿದ ಗೇಮ್ ಅದು, ಸಿಯೆರಾ ಪ್ರಕಟಿಸಿತು. ಅದರ ಹಿಂದೆ ಕೆಲಸ ಮಾಡಿದ ತಲೆ ಡೇವಿಡ್ ಕೇಮರ್. ಆ ಹೊತ್ತಿಗೆ ಫಾರ್ಮುಲಾ ಒನ್ ಗೇಮ್ ಅಂದರೆ ಆ ವರ್ಷದ ಕಾರು, ಆ ವರ್ಷದ ಡ್ರೈವರು. ಇವರು ಮೂವತ್ತು ವರ್ಷ ಹಿಂದಕ್ಕೆ, 1967ರ ಸೀಸನ್‌ಗೆ ಹೋದರು. ಕಾರಣ ಇತ್ತು. ಕಾರಿಗೆ ರೆಕ್ಕೆ ಬರುವ ಮುಂಚಿನ ಕೊನೆಯ ಕಾಲ ಅದು. ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯೋದಿಲ್ಲ, ಟೈರು ತೆಳು, ಎಂಜಿನ್ ಮಾತ್ರ ದೈತ್ಯ. ಲೋಟಸ್ 49 ಕಾರಿನಲ್ಲಿ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ ಮೊದಲ ಸಲ ಓಡಿದ್ದು ಆ ವರ್ಷವೇ, ಜಾಂಡ್‌ವೋರ್ಟ್ ಟ್ರ್ಯಾಕಿನಲ್ಲಿ, ಅದೇ ಮೊದಲ ರೇಸನ್ನು ಜಿಮ್ ಕ್ಲಾರ್ಕ್ ಗೆದ್ದ. ಚಾಂಪಿಯನ್ ಆಗಿದ್ದು ಮಾತ್ರ ಬ್ರಾಭಮ್ ಓಡಿಸಿದ ಡೆನ್ನಿ ಹಲ್ಮ್. ಟ್ರ್ಯಾಕುಗಳೂ ಹಳೆಯವೇ. ಬೆಲ್ಜಿಯಂನ ಸ್ಪಾ ಒಂದು ಸುತ್ತಿಗೆ 14 ಕಿಲೋಮೀಟರು, ನ್ಯೂರ್‌ಬರ್ಗ್‌ರಿಂಗ್ 22 ದಾಟುತ್ತೆ, ಮೊಂಜಾದಲ್ಲಿ ಒಂದೂ ಶಿಕೇನ್ (ವೇಗ ತಗ್ಗಿಸೋಕೆ ಹಾಕುವ ಅಂಕುಡೊಂಕು) ಇಲ್ಲ. ಆ ವರ್ಷದ ಫ್ರೆಂಚ್ ರೇಸ್ ನಡೆದದ್ದು ಲ ಮಾನ್‌ನ ಬುಗಾಟಿ ಟ್ರ್ಯಾಕಿನಲ್ಲಿ, ಗೇಮ್‌ನವರು ಅದನ್ನು ತೆಗೆದು ಫ್ರಾನ್ಸಿನದೇ ರುಆ ಟ್ರ್ಯಾಕ್ ಹಾಕಿದರು. ಒಳ್ಳೇದೇ ಆಯ್ತು ಅಂತೀನಿ, ರುಆ ಇಳಿಜಾರಿನ ತಿರುವುಗಳ ಮುಂದೆ ಬುಗಾಟಿ ಸಪ್ಪೆ. ಲೈಸೆನ್ಸ್ ಸಿಗದೆ ಹೋಂಡಾ ಕಾರು "ಮುರಾಸಾಮ" ಅನ್ನೋ ಹೆಸರಿನಲ್ಲಿ ಓಡಿತು.

ಈಗ ಕಷ್ಟದ ಮಾತು. ಸ್ಪಾದಲ್ಲಿ ಮಾಸ್ಟಾ ಅಂತ ಒಂದು ಜಾಗ. ಉದ್ದನೆಯ ನೇರ ರಸ್ತೆ, ಮಧ್ಯದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣ ಸೊಟ್ಟ, ಪಕ್ಕದಲ್ಲಿ ಮನೆಗಳು. ತಡೆಗೋಡೆ ಹೆಸರಿಗೂ ಇಲ್ಲ, ರಸ್ತೆ ಮುಗಿದಲ್ಲಿ ಮನೆಯ ಗೋಡೆ. ಲೋಟಸ್‌ನಲ್ಲಿ ಟಾಪ್ ಗೇರಿನಲ್ಲಿ ಅಲ್ಲಿಗೆ ಬರ್ತೀರಿ. ಧೈರ್ಯ ಸಾಲದೆ ಕೊನೇ ಕ್ಷಣದಲ್ಲಿ ಕಾಲು ಎತ್ತಿದಿರೋ, ಹಿಂಭಾಗ ಹಗುರಾಗಿ ಕಾರು ಅಡ್ಡ ಹೋಗಿ ಮನೆಗೆ ಬಡಿಯುತ್ತೆ. ಕಾಲು ಎತ್ತದೆ ಹೋದಿರೋ, ಒಳಗೆ ಸರಿಯಾದ ಜಾಗದಲ್ಲಿ ಹೊಕ್ಕಿದ್ದರೆ ಬದುಕಿದಿರಿ, ಇಲ್ಲಾ ಆಚೆ ಬದಿ. ತಿರುವಿಗೆ ಮುಂಚೆಯೇ, ಕಾರು ನೆಟ್ಟಗಿರುವಾಗಲೇ, ಒಂಚೂರು ಕಾಲು ಸಡಿಲಿಸಿ ಮತ್ತೆ ಒತ್ತಿ ಒಳಗೆ ಹೋಗಬೇಕು. ಇದನ್ನು ಯಾರಾದರೂ ಬಾಯಲ್ಲಿ ಹೇಳಿದರೆ ಅರ್ಧ ನಿಮಿಷ. ಪಾದಕ್ಕೆ ತಿಳಿಯೋಕೆ ವಾರಗಳು. ಗೇಮ್ ಜೊತೆ ಬರ್ತಿದ್ದ ಕೈಪಿಡಿಯೇ ನೀವು ಗಿರಕಿ ಹೊಡೆದು ಗುದ್ದೇ ಗುದ್ದುತ್ತೀರಿ ಅಂತ ಮೊದಲೇ ಎಚ್ಚರಿಸುತ್ತಿತ್ತು.

ಅದು ಅಷ್ಟು ಕಷ್ಟ ಇದ್ದದ್ದು ಪೂರ್ತಿ ನೈಜತೆಯಿಂದಲೇನಾ? ಅಲ್ಲ. ಪಾಲು ಹಂಚೋಣ. ಕಾರಿನ ಸ್ವಭಾವದಿಂದ ಬಂದ ಕಷ್ಟ ಒಂದು ಪಾಲು, ಅದು ಅಸಲಿ. ಇನ್ನೊಂದು ಪಾಲು ಆ ಕಾಲದ ಕಂಪ್ಯೂಟರಿನದು. ಪರದೆಯಲ್ಲಿ ಸೆಕೆಂಡಿಗೆ 36 ಚಿತ್ರಕ್ಕಿಂತ (ಫ್ರೇಮ್) ಜಾಸ್ತಿ ಬರದ ಹಾಗೆ ಕಟ್ಟಿಹಾಕಿತ್ತು. ಬಿಡುಗಡೆಯಾದಾಗ ಫೋರ್ಸ್ ಫೀಡ್‌ಬ್ಯಾಕ್ (ಟೈರಿನ ಸುದ್ದಿಯನ್ನು ಸ್ಟೀರಿಂಗ್ ಮೋಟಾರಿನಿಂದ ಕೈಗೆ ಮುಟ್ಟಿಸೋದು) ಇರಲಿಲ್ಲ, ಆಮೇಲೆ ಪ್ಯಾಚ್‌ನಲ್ಲಿ, ಅಂದರೆ ಗೇಮಿನ ತಿದ್ದುಪಡಿಯಲ್ಲಿ ಬಂತು. ಅಂದರೆ ಪ್ರಪಂಚದ ಅತಿ ತುಂಟ ಕಾರನ್ನು ಸ್ಪ್ರಿಂಗ್ ಹಾಕಿದ ಪ್ಲಾಸ್ಟಿಕ್ ಸ್ಟೀರಿಂಗ್ ಹಿಡಿದು, ಬೆನ್ನಿಗೆ ಏನೂ ಗೊತ್ತಾಗದೆ, ಕೈಗೂ ಏನೂ ಗೊತ್ತಾಗದೆ, 15 ಇಂಚಿನ ಮಾನಿಟರ್ ನೋಡಿಕೊಂಡು ಓಡಿಸಬೇಕಿತ್ತು. ಜಿಮ್ ಕ್ಲಾರ್ಕ್‌ನನ್ನು ಹಾಗೆ ಕೂರಿಸಿದ್ದರೆ ಅವನೂ ಗೋಡೆಗೇ ಹೋಗ್ತಿದ್ದ. ಅದೇ ಲೋಟಸ್ 49 ಈಗ ಅಸೆಟ್ಟೊ ಕೊರ್ಸಾದಲ್ಲೂ ಇದೆ, ಐರೇಸಿಂಗ್ ಅನ್ನೋ ಆನ್‌ಲೈನ್ ಸಿಮ್‌ನಲ್ಲೂ ಇದೆ. ಅಲ್ಲಿ ಅದು ಜಾರುವ ಮುಂಚೆ ಕೈಗೆ ಹೇಳುತ್ತೆ, ಜಾರಿದ ಮೇಲೂ ಹಿಡಿಯೋಕೆ ಒಂದು ಅವಕಾಶ ಕೊಡುತ್ತೆ. ಸುಲಭ ಆಯ್ತು ಅಂತ ಹಳಬರು ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಅದು ನಿಜಕ್ಕೆ ಇನ್ನಷ್ಟು ಹತ್ತಿರ ಬಂದಿದೆ. ಸುಲಭ ಆಗಿದ್ದು ಅದಕ್ಕೇ.

ಹಾಗಾದರೆ ಹಳಬರದ್ದು ಬರೀ ಮೋಹವಾ? ಅದೂ ಅಲ್ಲ. ಆ ಗೇಮ್‌ನಲ್ಲಿ ಸರಿಯಾಗಿದ್ದದ್ದು ಭಯ. ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಒಂದು ಸುತ್ತಿಗೆ ಎಂಟು ನಿಮಿಷ ದಾಟುತ್ತೆ. ಏಳನೇ ನಿಮಿಷದಲ್ಲಿ ತಪ್ಪಿದರೆ ಏಳೂ ನಿಮಿಷ ನೀರುಪಾಲು. ಫ್ಲೂಗ್‌ಪ್ಲಾಟ್ಸ್ ದಿಬ್ಬದ ಮೇಲೆ ನಾಲ್ಕೂ ಚಕ್ರ ನೆಲ ಬಿಟ್ಟು, ಕಾರು ಕೆಳಗೆ ಬೀಳುವಾಗ ಸ್ಟೀರಿಂಗ್ ನೆಟ್ಟಗಿರಬೇಕು ಅನ್ನೋ ಭಯ. ಅದಕ್ಕೇ ಆಡುವವರು ನಿಧಾನ ಓಡಿಸೋದನ್ನು ಕಲಿತರು. ಗೇಮ್ ಆಡುವವನು ತಾನಾಗೇ ನಿಧಾನ ಮಾಡೋದು ಅಂದರೆ ಅಲ್ಲಿ ಕಳೆದುಕೊಳ್ಳೋಕೆ ಏನೋ ಇದೆ ಅಂತ ಅರ್ಥ. ನೈಜತೆ ಅಂತ ನಾನು ಕರೆಯೋದು ಇದನ್ನ. ಸ್ಟೀರಿಂಗ್ ಎಷ್ಟು ಬಿಗಿ ಇದೆ, ಬೋಲ್ಟುಗಳು ಎಷ್ಟು ಚೆನ್ನಾಗಿ ಕಾಣ್ತಾವೆ ಅನ್ನೋದೆಲ್ಲ ಆಮೇಲಿನ ಮಾತು.

ಆ ಗೇಮ್ ಆಗ ಹೆಚ್ಚು ಮಾರಾಟ ಆಗಲಿಲ್ಲ. ಪಪೈರಸ್ 2004ರಲ್ಲಿ ಮುಚ್ಚಿತು. ಅದೇ ವರ್ಷ ಕೇಮರ್ ಜೊತೆಗಾರರ ಜೊತೆ ಸೇರಿ ಶುರು ಮಾಡಿದ ಕಂಪನಿಯೇ ಐರೇಸಿಂಗ್, ಗೇಮ್ 2008ಕ್ಕೆ ಬಂತು. ಅಲ್ಲಿ ಭಯವನ್ನು ಲೆಕ್ಕಪತ್ರ ಮಾಡಿಟ್ಟಿದ್ದಾರೆ: ಟ್ರ್ಯಾಕಿನಿಂದ ಚಕ್ರ ಹೊರಗೆ ಹೋದರೆ ಒಂದು ಪಾಯಿಂಟು, ಗಿರಕಿ ಹೊಡೆದರೆ ಎರಡು, ಜೋರಾಗಿ ಗುದ್ದಿದರೆ ನಾಲ್ಕು, ಜಾಸ್ತಿ ಆದರೆ ಸೇಫ್ಟಿ ರೇಟಿಂಗ್ ಇಳಿಯುತ್ತೆ. ರೇಸ್ ಶುರುವಾದ ಮೇಲೆ ರೀಸ್ಟಾರ್ಟ್ ಬಟನ್ ಇಲ್ಲ.

ಈಗ ಆಡಬಹುದಾ ಅಂದಿರಿ. ಆಡಬಹುದು, ಅಭಿಮಾನಿಗಳು ಪ್ಯಾಚ್ ಮೇಲೆ ಪ್ಯಾಚ್ ಹಾಕಿ 60 ಫ್ರೇಮಿಗೂ ತಂದಿದ್ದಾರೆ. ಆದರೆ ಮೊದಲು ಹೊಸ ಸಿಮ್‌ನಲ್ಲಿ ಲೋಟಸ್ 49 ಓಡಿಸಿ, ಆಮೇಲೆ ಅದಕ್ಕೆ ಹೋಗಿ. ಹಳಬರು ಇದನ್ನು ಉಲ್ಟಾ ಮಾಡು ಅಂತಾರೆ, ಕೇಳಬೇಡಿ.

ಪ್ರಶ್ನೆ: ನಮ್ಮಪ್ಪ ಗ್ರ್ಯಾಂಡ್ ಪ್ರಿ 2 ಆಡ್ತಿದ್ದರಂತೆ, ಕೀಬೋರ್ಡಿನಲ್ಲಿ! ನಾನು ಸ್ಟೀರಿಂಗ್ ಇಟ್ಟುಕೊಂಡೂ ಮಾಡಲಾಗದ್ದನ್ನು ಅವರು ನಾಲ್ಕು ಬಾಣದ ಗುರುತಿನಲ್ಲಿ ಮಾಡ್ತಿದ್ದೆ ಅಂತಾರೆ. ನಂಬಬಹುದಾ?
– ಬಳ್ಳಾರಿ

ನಂಬಿ. ಜೆಫ್ ಕ್ರ್ಯಾಮಂಡ್ ಅನ್ನೋ ಬ್ರಿಟಿಷ್ ಮಹಾಶಯರು ಮಾಡಿದ ಗೇಮ್, 1996ರಲ್ಲಿ ಬಂತು, ಒಳಗಿರೋದು 1994ರ ಸೀಸನ್. ಕೀಬೋರ್ಡಿನಲ್ಲಿ ಆಡಿದರೆ ಸ್ಟೀರಿಂಗನ್ನು ಎಷ್ಟು ತಿರುಗಿಸಬೇಕು ಅನ್ನೋದನ್ನು ಗೇಮ್ ತಾನೇ ಒಳಗೊಳಗೆ ಹದ ಮಾಡುತ್ತಿತ್ತು. ಎಫ್1, ಎಫ್2 ಅಂತ ಸಾಲಾಗಿ ಕೀ ಒತ್ತಿದರೆ ತಾನಾಗಿ ಬ್ರೇಕು, ತಾನಾಗಿ ಗೇರು, ಗಿರಕಿ ಹೊಡೆದರೆ ತಾನಾಗಿ ನೆಟ್ಟಗೆ. ಹಂತ ಏರಿದ ಹಾಗೆ ಇವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿತ್ತು. ಹೊಸಬರನ್ನು ಹೆದರಿಸದೆ ಒಳಗೆ ಕರೆದುಕೊಳ್ಳುವ ಕಲೆ ಅದು. ಇವತ್ತಿನ ಎಷ್ಟೋ ಸಿಮ್‌ಗಳಿಗೆ ಅದು ಬರಲ್ಲ.

ಆದರೆ ಅಪ್ಪನಿಗೆ ಒಂದು ಪ್ರಶ್ನೆ ಕೇಳಿ: ಆಗ ಮನೆಯಲ್ಲಿದ್ದ ಕಂಪ್ಯೂಟರ್ ಯಾವುದು? ಗ್ರ್ಯಾಂಡ್ ಪ್ರಿ 2 ಆ ಕಾಲದ ಪಿಸಿಗಳಿಗೆ ಭಾರ. "ಓ" ಕೀ ಒತ್ತಿದರೆ ಪ್ರೊಸೆಸರ್ ಎಷ್ಟು ಶೇಕಡಾ ದುಡೀತಿದೆ ಅಂತ ತೋರಿಸುತ್ತಿತ್ತು. ಅದು 100 ದಾಟಿದರೆ ಚಿತ್ರ ತುಂಡಾಗುತ್ತಿರಲಿಲ್ಲ, ಸಮಯವೇ ನಿಧಾನ ಆಗ್ತಿತ್ತು! ಗೇಮ್ ಒಳಗಿನ ಒಂದು ಸೆಕೆಂಡಿಗೆ ಹೊರಗೆ ಒಂದೂವರೆ ಸೆಕೆಂಡು. ಮೊನಾಕೋದಲ್ಲಿ ಇಪ್ಪತ್ತಾರು ಕಾರಿನ ಜೊತೆ ಸ್ಲೋ ಮೋಷನ್‌ನಲ್ಲಿ ಓಡಿಸಿದರೆ ಯಾರು ಬೇಕಾದರೂ ಶೂಮಾಕರ್. ಕಂಪ್ಯೂಟರ್ ಎಷ್ಟು ಬಡವೋ ಡ್ರೈವರ್ ಅಷ್ಟು ಜಾಣ. ಅಪ್ಪ 486 (ಹಳೇ, ನಿಧಾನದ ಪ್ರೊಸೆಸರ್) ಅಂದರೆ ಒಂಚೂರು ನಕ್ಕು ಸುಮ್ಮನಾಗಿ, ಪೆಂಟಿಯಂ (ಅದಕ್ಕಿಂತ ವೇಗದ್ದು) ಅಂದರೆ ಕೈ ಮುಗಿಯಿರಿ.

ಪ್ರಶ್ನೆ: ರೋಡ್ ರ‍್ಯಾಶ್ ಆಡಿದಾಗ ಸಿಗ್ತಿದ್ದ ಮಜಾ ಈಗಿನ ಯಾವ ಗೇಮಿನಲ್ಲೂ ಇಲ್ಲ. ಈಗ ಎಲ್ಲಾ ಬರೀ ಗ್ರಾಫಿಕ್ಸ್. ಒಪ್ತೀರಾ?
– ತುಮಕೂರಿನಿಂದ, "ತೊಂಬತ್ತರ ದಶಕದ ಹುಡುಗ"

ಅರ್ಧ ಒಪ್ತೀನಿ. ನಮ್ಮಲ್ಲಿ ಎಲ್ಲರೂ ಆಡಿದ್ದು ವಿಂಡೋಸ್‌ಗೆ 1996ರಲ್ಲಿ ಬಂದ ಆವೃತ್ತಿ. ಸಿಟಿ, ಪೆನಿನ್ಸುಲಾ, ಪೆಸಿಫಿಕ್ ಹೈವೇ, ಸಿಯೆರಾ ನೆವಾಡಾ, ನಾಪಾ ವ್ಯಾಲಿ ಅಂತ ಐದೇ ರಸ್ತೆ. ಬೈಕಿನ ಭೌತಶಾಸ್ತ್ರ ಸೊನ್ನೆ. ಆದರೂ ಒಂದು ವಿಷಯ ನೆನಪು ಮಾಡ್ಕೊಳ್ಳಿ: ಬಿದ್ದಾಗ ಏನಾಗ್ತಿತ್ತು? ನೀವೊಂದು ಕಡೆ, ಬೈಕು ಇನ್ನೊಂದು ಕಡೆ. ಎದ್ದು, ಬೈಕಿನ ಹತ್ತಿರ ಓಡಿಕೊಂಡೇ ಹೋಗಿ ಹತ್ತಬೇಕು. ಅಷ್ಟರಲ್ಲಿ ನೀವು ಒದ್ದು ಬೀಳಿಸಿದ್ದ ಮೂರು ಜನ ಪಕ್ಕದಲ್ಲೇ ಸರ‍್ರಂತ ಹೋಗ್ತಾರೆ, ಹಿಂದಿನಿಂದ ಪೊಲೀಸು ಬರ್ತಿರುತ್ತಾನೆ. ತಪ್ಪಿಗೆ ಬೆಲೆ ಕಟ್ಟಿದ್ದರು, ಅದೂ ನಗು ಬರುವ ಹಾಗೆ. ಜೊತೆಗೆ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕ, ಹಿಂದೆ ನಿಂತ ಗೆಳೆಯನ ಸರದಿ. ಹಾಗಾಗಿ ಪ್ರತಿ ರೇಸಿಗೂ ತೂಕ ಇತ್ತು.

ಒಪ್ಪದ ಅರ್ಧ ಏನು ಅಂದರೆ, ಈಗ ಆ ಗೇಮನ್ನೇ ಹಾಕಿಕೊಂಡು ಒಬ್ಬರೇ ಕೂತು ಆಡಿ ನೋಡಿ. ಮೊದಲ ಎರಡು ರೇಸು ಸ್ವರ್ಗ. ಮೂರನೇದರಲ್ಲಿ ಎದುರಿಗೆ ಬರುವ ಕಾರು ಎಲ್ಲಿ ಬರುತ್ತೆ ಅಂತ ಬಾಯಿಪಾಠ ಆಗಿರುತ್ತೆ. ಈಗಿನ ಗೇಮ್‌ಗಳ ದೋಷ ಗ್ರಾಫಿಕ್ಸ್ ಅಲ್ಲ ಸ್ವಾಮಿ, ರಿವೈಂಡ್ ಬಟನ್. ತಪ್ಪಿದ ಕೂಡಲೇ ಐದು ಸೆಕೆಂಡು ಹಿಂದಕ್ಕೆ ಹೋಗಬಹುದು ಅಂದ ಮೇಲೆ ಯಾವ ತಿರುವಿಗೆ ಯಾಕೆ ಹೆದರಬೇಕು? ಅದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ ವಾರ ಆಡಿ, ಆಮೇಲೆ ಮತ್ತೆ ಪತ್ರ ಬರೆಯಿರಿ.

ಪ್ರಶ್ನೆ: ಗ್ರ್ಯಾನ್ ಟುರಿಸ್ಮೊ ಸಿಮ್ಮೋ ಅಲ್ವೋ? ನಮ್ಮ ರೂಮಿನಲ್ಲಿ ದಿನಾ ಜಗಳ.
– ಮಂಗಳೂರಿನ ಹಾಸ್ಟೆಲ್ ಹುಡುಗರು

ಸಿಮ್ಮೇ, ಆದರೆ ಸೋಫಾ ಮೇಲೆ ಕೂತವರಿಗಾಗಿ ಮಾಡಿದ್ದು. 1997ರಲ್ಲಿ ಮೊದಲನೆಯದು ಬಂದಾಗ ಲೈಸೆನ್ಸ್ ಪರೀಕ್ಷೆ ಪಾಸಾಗದೆ ಮುಖ್ಯ ಆಟದ ಕಪ್ ರೇಸುಗಳಿಗೆ ಬಿಡ್ತಿರಲಿಲ್ಲ. ನೇರ ಓಡಿಸಿ ಗೆರೆಯೊಳಗೆ ನಿಲ್ಲಿಸು ಅನ್ನೋದೇ ಮೊದಲ ಪಾಠ. ದುಡ್ಡು ಕೊಟ್ಟು ತಂದ ಗೇಮು ಪರೀಕ್ಷೆ ಬರಿ ಅಂದರೆ ಯಾರಿಗೆ ಸಿಟ್ಟು ಬರಲ್ಲ? ಆದರೂ ಒಂದು ತಲೆಮಾರು ಬ್ರೇಕ್ ಹಾಕೋದನ್ನು ಕಲಿತದ್ದು ಅಲ್ಲೇ. ಅದೇ ಸರಣಿಯ ಮುಂದಿನ ಗೇಮಿನ ಸ್ಪರ್ಧೆಯಿಂದ ಆಯ್ಕೆಯಾದ ಸ್ಪೇನಿನ ಲುಕಾಸ್ ಒರ್ಡೊನೆಜ್ 2011ರ ಲ ಮಾನ್ 24 ಗಂಟೆ ರೇಸಿನಲ್ಲಿ ಎಲ್‌ಎಂಪಿ2 ವಿಭಾಗದಲ್ಲಿ ಎರಡನೇ ಸ್ಥಾನಕ್ಕೆ ಬಂದ. ಜಗಳ ಮುಂದುವರಿಸಿ.

ಪ್ರಶ್ನೆ: ನಮ್ಮೂರಿನ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ರ‍್ಯಾಲಿ ನೋಡಿಕೊಂಡು ಬೆಳೆದವನು ನಾನು. ಅದರ ಹತ್ತಿರಕ್ಕಾದರೂ ಬರುವ ಗೇಮ್ ಇದೆಯಾ?
– ಚಿಕ್ಕಮಗಳೂರು

ಇದೆ, ಹಳೇದೇ. 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿ. ಬ್ರಿಟನ್, ಫಿನ್‌ಲೆಂಡ್, ಜಪಾನ್, ಆಸ್ಟ್ರೇಲಿಯಾ, ಫ್ರಾನ್ಸ್, ಅಮೆರಿಕದ ಹಾದಿಗಳು ಅದರಲ್ಲಿವೆ, ಚಿಕ್ಕಮಗಳೂರು ಇಲ್ಲ. ಆದರೆ ಜಪಾನಿನ ಕಾಡಿನ ಇಕ್ಕಟ್ಟು ರಸ್ತೆಗಳನ್ನು ಓಡಿಸಿ ನೋಡಿ, ಪಕ್ಕದ ಮರ ಎಷ್ಟು ಹತ್ತಿರ ಅಂತ ನಿಮಗೆ ತಕ್ಷಣ ಗೊತ್ತಾಗುತ್ತೆ. 2001ರ ವಿಶ್ವ ಚಾಂಪಿಯನ್ ಬರ್ನ್ಸ್ ಹೆಸರಿನ ಗೇಮ್, ಅವರ ಕೋ-ಡ್ರೈವರ್ ರಾಬರ್ಟ್ ರೀಡ್ ದನಿಯಲ್ಲೇ ದಾರಿ ಹೇಳ್ತಾರೆ. ಬರ್ನ್ಸ್ 2005ರಲ್ಲಿ ತೀರಿಹೋದರು, ಗೇಮನ್ನು ಮಾತ್ರ ಅಭಿಮಾನಿಗಳು ಸಾಯೋಕೆ ಬಿಟ್ಟಿಲ್ಲ. ಎನ್‌ಜಿಪಿ ಅನ್ನೋ ಹೊಸ ಭೌತಶಾಸ್ತ್ರ ಹಾಕಿದ್ದಾರೆ, ಹೊಸ ಹಾದಿಗಳು ಬರ್ತಾನೇ ಇವೆ, ಆನ್‌ಲೈನ್ ರ‍್ಯಾಲಿಗಳು ಇವತ್ತಿಗೂ ನಡೀತಿವೆ. ಮೂಲ ಗೇಮ್ ಸಿಕ್ಕಾಪಟ್ಟೆ ನಿಷ್ಠುರ. ಒಂದು ಕಲ್ಲಿಗೆ ತಗುಲಿ ರೇಡಿಯೇಟರ್ ಹೋದರೆ ಮುಂದಿನ ಹಾದಿ ಪೂರ್ತಿ ಎಂಜಿನ್ ಬಿಸಿ ನೋಡಿಕೊಂಡು ಕುಂಟಬೇಕು. ಇಲ್ಲಿ ಹಳಬರ ಜೊತೆ ನಾನೂ ಸೇರ್ತೀನಿ: ಮಣ್ಣಿನ ವಿಷಯದಲ್ಲಿ ಇದನ್ನು ನನ್ನ ಮಟ್ಟಿಗೆ ಯಾರೂ ಮೀರಿಸಿಲ್ಲ.

ಪ್ರಶ್ನೆ: ಮಗನಿಗೆ ಹದಿನಾರು. ದಿನಾ ಸಂಜೆ ಸಿಮ್ ಆಡ್ತಾನೆ, ಕೇಳಿದರೆ "ಡ್ರೈವಿಂಗ್ ಕಲೀತಿದ್ದೀನಮ್ಮಾ" ಅಂತಾನೆ. ಹದಿನೆಂಟಾದ ಮೇಲೆ ಡ್ರೈವಿಂಗ್ ಸ್ಕೂಲ್ ಫೀಸು ಉಳಿಯುತ್ತಾ?
– ಮೈಸೂರಿನ ಗೃಹಿಣಿ

ಉಳಿಯಲ್ಲ ಅಮ್ಮಾ. ಅವನು ಕಲಿತಿರೋದು ಕಾರು ಜಾರಿದಾಗ ಏನು ಮಾಡಬೇಕು ಅನ್ನೋದು, ದೂರ ನೋಡಿ ಓಡಿಸೋದು, ಬ್ರೇಕನ್ನು ಹದವಾಗಿ ಒತ್ತೋದು. ಅಷ್ಟು ಮಟ್ಟಿಗೆ ಒಳ್ಳೇದೇ. ಆದರೆ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡ್ತಾರೆ. ದೇವರಾಜ ಅರಸು ರಸ್ತೆಯಲ್ಲಿ ಸಂಜೆ ಆರಕ್ಕೆ ಹಾಗಲ್ಲ, ನಿಮಗೇ ಗೊತ್ತಲ್ವಾ. ಕ್ಲಚ್ ಅರ್ಧ ಹಿಡಿದು ಏರಿನಲ್ಲಿ ನಿಲ್ಲಿಸೋದು, ಕನ್ನಡಿ ನೋಡಿ ರಿವರ್ಸ್ ಹಾಕೋದು, ಇಂಡಿಕೇಟರ್ ಹಾಕದೆ ತಿರುಗುವ ಸ್ಕೂಟರನ್ನು ಮೊದಲೇ ಊಹಿಸೋದು, ಇವನ್ನೆಲ್ಲ ರೇಸಿಂಗ್ ಸಿಮ್ ಕಲಿಸಲ್ಲ. ಫೀಸು ಕಟ್ಟಿ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ಮುಂಚೆಯೇ ಹೇಳಿ, ಇವನು ಮೊದಲ ದಿನವೇ ಜಾಸ್ತಿ ಧೈರ್ಯ ತೋರಿಸ್ತಾನೆ ಅಂತ.

ಪ್ರಶ್ನೆ: ಡೈರೆಕ್ಟ್ ಡ್ರೈವ್ ಸ್ಟೀರಿಂಗ್‌ಗೆ (ಮೋಟಾರಿಗೇ ನೇರವಾಗಿ ಜೋಡಿಸಿದ ಸ್ಟೀರಿಂಗ್) ದುಡ್ಡು ಕೂಡಿಸ್ತಿದ್ದೇನೆ. ತಗೊಂಡರೆ ಲ್ಯಾಪ್ ಟೈಮ್ ಇಳಿಯುತ್ತಾ?
– ದಾವಣಗೆರೆ

ಅಷ್ಟಾಗಿ ಇಳಿಯಲ್ಲ. ಮೊದಲು ಲೋಡ್ ಸೆಲ್ ಇರುವ ಬ್ರೇಕ್ ಪೆಡಲ್ ತಗೊಳ್ಳಿ. ಮಾಮೂಲಿ ಪೆಡಲ್ ನೋಡೋದು ಕಾಲು ಎಷ್ಟು ದೂರ ಹೋಯ್ತು ಅಂತ, ಲೋಡ್ ಸೆಲ್ ನೋಡೋದು ಎಷ್ಟು ಬಲ ಹಾಕಿದಿರಿ ಅಂತ. ಕಾಲಿಗೆ ಬಲ ನೆನಪಿರುತ್ತೆ, ದೂರ ನೆನಪಿರಲ್ಲ. ಉಳಿದ ದುಡ್ಡಿನಲ್ಲಿ ಪೆಡಲನ್ನು ಹಲಗೆಗೆ ಬಿಗಿಯಾಗಿ ಬೋಲ್ಟ್ ಹಾಕಿಸಿ, ಇಲ್ಲಾಂದರೆ ಜೋರಾಗಿ ಬ್ರೇಕ್ ಒತ್ತಿದಾಗ ನಿಮ್ಮ ಚಕ್ರದ ಕುರ್ಚಿ ಹಿಂದಕ್ಕೆ ಓಡುತ್ತೆ.